ಅಪ್‌ಡೇಟ್: ಮೈಎಸ್‌ಕ್ಯೂಎಲ್ ಲೈಸೆನ್ಸ್ ಗೊಂದಲ ಬಗೆಹರಿಯಿತು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಉಚಿತ ಕಮ್ಯುನಿಟಿ ಆವೃತ್ತಿ ಸೇರಿಸಿ ಮಾರಿದರೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಲೈಸೆನ್ಸ್ ಫೈಲನ್ನೇ ಕೂತು ಓದಿದೆ, ವಕೀಲರಿಗೂ ತೋರಿಸಿದೆ.

ಅದರ ಲೈಸೆನ್ಸ್ ಜಿಪಿಎಲ್ 2, ಅಂದರೆ ಬೇರೆಯವರಿಗೆ ವಿತರಿಸಿದರೆ ಮೂಲ ಕೋಡನ್ನೂ ಕೊಡಬೇಕು. ಆದರೆ ನಮ್ಮದೇ ಸರ್ವರ್‌ನಲ್ಲಿ ಓಡಿಸಿ ಬ್ರೌಸರ್ ಮೂಲಕ ಸೇವೆ ಕೊಟ್ಟರೆ ಜಿಪಿಎಲ್ 2ರ ಪ್ರಕಾರ ಅದು ವಿತರಣೆಯೇ ಅಲ್ಲ. ನಮ್ಮ ಕೋಡ್ ಯಾರಿಗೂ ತೋರಿಸಬೇಕಿಲ್ಲ. ತಕರಾರು ಬರುವುದು ಗ್ರಾಹಕರ ಕೈಗೆ ಇನ್‌ಸ್ಟಾಲರ್ ಕೊಡುವಾಗ. ಅದರಲ್ಲೂ ಮೈಎಸ್‌ಕ್ಯೂಎಲ್ ಸರ್ವರ್‌ಗಿಂತ ಹೆಚ್ಚು ಕಾಟ ಕೊಟ್ಟಿದ್ದು ನಮ್ಮ ಪ್ರೋಗ್ರಾಂಗೆ ಲಿಂಕ್ ಆಗಿದ್ದ, ಡೇಟಾಬೇಸ್ ಜೊತೆ ಸಂಪರ್ಕ ಕೊಡುವ ಕನೆಕ್ಟರ್ ಲೈಬ್ರರಿ. ಅದೂ ಜಿಪಿಎಲ್, ಲಿಂಕ್ ಆದ ನಮ್ಮ ಕೋಡಿಗೂ ಅದೇ ಷರತ್ತು! ಕೋಡ್ ಬಿಟ್ಟುಕೊಡದೆ ಮಾರಬೇಕೆಂದರೆ ಮೈಎಸ್‌ಕ್ಯೂಎಲ್ ಮಾಲೀಕ ಕಂಪನಿ ಒರಾಕಲ್‌ನಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಅದರ ಬದಲು ಎಲ್‌ಜಿಪಿಎಲ್ (ಜಿಪಿಎಲ್‌ಗಿಂತ ಸಡಿಲ ಲೈಸೆನ್ಸ್) ಇರುವ ಮರಿಯಾಡಿಬಿ ಕನೆಕ್ಟರ್ ಹಾಕಿಕೊಳ್ಳಬಹುದಿತ್ತು, ಆದರೆ ನಾವು ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್‌ಗೇ ಹೋದೆವು. ಅದರ ಕಾಪಿರೈಟ್ ಸೂಚನೆ ಉಳಿಸಿಕೊಂಡರೆ ಸಾಕು. ಆಟೋ ಇನ್‌ಕ್ರಿಮೆಂಟ್ (ತಾನೇ ಮುಂದಿನ ಸಂಖ್ಯೆ ತುಂಬಿಕೊಳ್ಳುವ) ಕಾಲಂಗಳನ್ನು ಬದಲಿಸುವಷ್ಟರಲ್ಲಿ ಸಾಕುಬೇಕಾಯಿತು ಅನ್ನಿ.