ಪದಚರ್ಚೆ: ‘ಸ್ಟೆಪ್ ಕೌಂಟರ್’ ಸರಿ, ‘ಸ್ಟೆಪ್ ಡಿಟೆಕ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದಿನಾ ಎಷ್ಟು ನಡೆದಿರಿ ಎಂದು ತೋರಿಸುವ ಒಂದು ಆ್ಯಪ್‌ಗೆ ಕನ್ನಡ ಹಾಕುತ್ತಿದ್ದೇವೆ. ಫ್ಲಟರ್ ಎಂಬ, ಆ್ಯಪ್ ಮಾಡುವ ಸಲಕರಣೆಯಲ್ಲಿ ಬರೆದದ್ದು, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಓಡುತ್ತದೆ. ಬೇರೆಲ್ಲ ಮಾತು ಹೆಚ್ಚುಕಮ್ಮಿ ಮುಗಿದಿದೆ. ಸೆನ್ಸರ್ (ನಡಿಗೆಯನ್ನು ಗ್ರಹಿಸುವ ಫೋನಿನ ಭಾಗ) ವಿಷಯಕ್ಕೆ ಬಂದಾಗ ಮಾತ್ರ ಒಂದು ಪದ ಸಿಗುತ್ತಿಲ್ಲ.

ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಸ್ಟೆಪ್ ಎಂದರೆ ಇಲ್ಲಿ ಹೆಜ್ಜೆ. ಕೆಲವು ಕಡೆ ‘ಹಂತ’ ಎಂದು ಬರೆದಿರುತ್ತಾರೆ. ‘ಇಂದು 4,200 ಹಂತಗಳು’ ಎಂದರೆ ಓದಿದವರು ಏನು ತಿಳಿಯಬೇಕು? ಹಂತ ಇರುವುದು ಕೆಲಸಕ್ಕೆ, ಚುನಾವಣೆಗೆ. ಕಾಲಿಗಲ್ಲ. ‘ಅಡಿ’ ಚೆಂದದ ಪದ. ಆದರೆ ಅಂಕಿಯ ಪಕ್ಕ ಬಂದರೆ ಅಳತೆಯಾಗಿಬಿಡುತ್ತದೆ. ‘800 ಅಡಿ’ ಎಂದ ತಕ್ಷಣ ಬೋರ್‌ವೆಲ್ ನೆನಪಾಗುತ್ತದೆ, ಅಲ್ವಾ? ‘ಮೆಟ್ಟಿಲು’ ಕೂಡ ಬೇಡ. ಐಫೋನ್, ನಾವು ಹತ್ತಿದ ಮಹಡಿಗಳ ಲೆಕ್ಕವನ್ನು ಬೇರೆಯಾಗಿಯೇ ಕೊಡುತ್ತದೆ, ಎರಡೂ ಕಲಸಿಹೋಗುತ್ತವೆ.

ಅಂಕಿ ಜೊತೆ ‘ಹೆಜ್ಜೆಗಳು’ ಎನ್ನುವುದೂ ಬೇಡ ಅನ್ನಿಸುತ್ತದೆ. ‘ಐದು ಸಾವಿರ ಹೆಜ್ಜೆ ನಡೆದೆ’ ಎಂದೇ ನಾವು ಹೇಳುವುದು. ಅನುವಾದದ ಕಡತದಲ್ಲಿ ಏಕವಚನಕ್ಕೂ ಬಹುವಚನಕ್ಕೂ ಬೇರೆ ಬೇರೆ ಜಾಗ ಇರುತ್ತದೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಬರಹಕ್ಕೆ ನಿಯಮ ಮಾಡುವ ಯೂನಿಕೋಡ್‌ನವರ ಪ್ರಕಾರ ಕನ್ನಡದಲ್ಲಿ 0 ಕೂಡ 1ರ ಜೊತೆ ಏಕವಚನಕ್ಕೇ ಹೋಗುತ್ತದೆ. ಎರಡೂ ಕಡೆ ಸುಮ್ನೆ ‘ಹೆಜ್ಜೆ’ ಎಂದು ಬರೆದಿದ್ದೇವೆ.

ಈಗ ಕಷ್ಟದ್ದು. ಆಂಡ್ರಾಯ್ಡ್‌ನಲ್ಲಿ 2013ರ ಕಿಟ್‌ಕ್ಯಾಟ್ ಎಂಬ ಆವೃತ್ತಿಯಿಂದ ಹೆಜ್ಜೆಗೆಂದೇ ಎರಡು ಸೆನ್ಸರ್ ಇವೆ. ಸ್ಟೆಪ್ ಕೌಂಟರ್ ಒಟ್ಟು ಲೆಕ್ಕ ಕೊಡುತ್ತದೆ. ಆದರೆ ಅದು ಇವತ್ತಿನ ಲೆಕ್ಕವಲ್ಲ, ಫೋನ್ ಆನ್ ಆದಾಗಿನಿಂದ ಬಂದ ಲೆಕ್ಕ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಸ್ಟೆಪ್ ಡಿಟೆಕ್ಟರ್ ಲೆಕ್ಕವನ್ನೇ ಇಡುವುದಿಲ್ಲ. ಒಂದು ಹೆಜ್ಜೆ ಬಿದ್ದರೆ ‘ಬಿತ್ತು’ ಎಂದು ಎರಡು ಸೆಕೆಂಡಿನೊಳಗೆ ಹೇಳಬೇಕು, ಅಷ್ಟೇ ಅದರ ಕೆಲಸ. ಕೌಂಟರ್ 10 ಸೆಕೆಂಡ್‌ವರೆಗೂ ತಡ ಮಾಡಬಹುದು, ಆದರೆ ಲೆಕ್ಕ ಜಾಸ್ತಿ ನಂಬಿಕೆಯದ್ದು. ಐಫೋನ್ ದಾರಿಯೇ ಬೇರೆ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂದು ಕೇಳಿದರೆ ಅಷ್ಟರದ್ದು ಕೊಡುತ್ತದೆ, ಹಿಂದಿನ 7 ದಿನದವರೆಗೆ ಮಾತ್ರ.

ಇದರಿಂದ ಕನ್ನಡಕ್ಕೇನು ಎನ್ನಬೇಡಿ. ಆಂಡ್ರಾಯ್ಡ್ ಕೊಟ್ಟ ಅಂಕಿಯನ್ನು ಹಾಗೇ ಇಟ್ಟು ಮೇಲೆ ‘ಇಂದಿನ ಹೆಜ್ಜೆ’ ಎಂದು ಬರೆದರೆ ಅದು ಸುಳ್ಳು. ದಿನ ಶುರುವಾದಾಗ ಇದ್ದ ಅಂಕಿಯನ್ನು ನೆನಪಿಟ್ಟು ಆ್ಯಪ್ ಕಳೆಯಬೇಕು. ಕಳೆದ ಮೇಲೆ ಉಳಿದದ್ದಕ್ಕೆ ಮಾತ್ರ ಆ ಹೆಸರು ಒಪ್ಪುತ್ತದೆ. ಹಾಗಾಗಿ ಕಳೆಯದೆ ತೋರಿಸುವ ಕಡೆ ‘ಫೋನ್ ಆನ್ ಆದಾಗಿನಿಂದ’ ಎಂದು ಬರೆಸಿದ್ದೇವೆ. ಉದ್ದವಾಯಿತು, ಆದರೆ ನಿಜ.

ಕೌಂಟರ್‌ಗೆ ‘ಹೆಜ್ಜೆ ಲೆಕ್ಕ’ ಒಪ್ಪಿದ್ದೇವೆ. ‘ಹೆಜ್ಜೆ ಗಣಕ’ ಎಂದರೆ ಕಂಪ್ಯೂಟರ್ ನೆನಪಾಗುತ್ತದೆ. ಡಿಟೆಕ್ಟರ್‌ಗೆ ಬಂದ ಸಲಹೆ ಯಾವುದೂ ಹಿಡಿಸಿಲ್ಲ. ‘ಹೆಜ್ಜೆ ಗುರುತು’ ಎಂದರೆ ಮಣ್ಣಿನಲ್ಲಿ ಮೂಡಿದ ಗುರುತು, ಬಿಟ್ಟುಹೋದದ್ದು. ‘ಪತ್ತೆ’ ಎನ್ನುವುದು ಕಳೆದದ್ದಕ್ಕೆ, ಬಚ್ಚಿಟ್ಟದ್ದಕ್ಕೆ. ‘ಹೆಜ್ಜೆ ಸಪ್ಪಳ’ ಎಂದು ಗೆಳತಿಯೊಬ್ಬರು ಹೇಳಿದರು. ಕೇಳಿದೊಡನೆ ಮನಸ್ಸಿಗೆ ಬಂತು. ಆದರೆ ಈ ಸೆನ್ಸರ್ ಸದ್ದು ಕೇಳಿಸಿಕೊಳ್ಳುವುದಿಲ್ಲ, ಫೋನಿನ ಅಲುಗಾಟ ನೋಡುತ್ತದೆ. ಸಪ್ಪಳ ಎಂದರೆ ಮೈಕ್ ಆನ್ ಇದೆ ಎಂದು ಜನ ಹೆದರಬಹುದು. ಸದ್ಯಕ್ಕೆ ನನ್ನ ಒಲವು ‘ಹೆಜ್ಜೆ ಸುಳಿವು’ ಕಡೆಗಿದೆ. ಇದೂ ಪೊಲೀಸರ ಮಾತಿನಂತೆ ಕೇಳಿಸುತ್ತದೆಯೇ?

ಇನ್ನೊಂದು ವಾಕ್ಯವನ್ನೂ ನೋಡಿಕೊಡಿ. ಆಂಡ್ರಾಯ್ಡ್ 10ರಿಂದ ಹೆಜ್ಜೆ ಸೆನ್ಸರ್ ಬಳಸಲು ಬಳಕೆದಾರರ ಒಪ್ಪಿಗೆ ಬೇಕು. ಅಲ್ಲಿ ಕೇಳುವ ಮಾತು ಆಂಡ್ರಾಯ್ಡ್‌ನದ್ದೇ. ಐಫೋನ್‌ನಲ್ಲಿ ಯಾಕೆ ಬೇಕು ಎಂಬ ವಾಕ್ಯವನ್ನು ನಾವೇ ಬರೆಯಬೇಕು. ಬರೆಯದಿದ್ದರೆ ಸೆನ್ಸರ್ ಮುಟ್ಟಿದ ಕೂಡಲೇ ಆ್ಯಪ್ ಮುಚ್ಚಿಹೋಗುತ್ತದೆ. ಮೊದಲ ಕರಡಿನಲ್ಲಿ ‘ಚಲನ ಸಂವೇದಕವನ್ನು ಪ್ರವೇಶಿಸಲು ಅನುಮತಿಸಿ’ ಎಂದಿತ್ತು. ಪ್ರವೇಶ ಗುಡಿಗೆ ಇರಲಿ, ಕಾಲೇಜಿಗೆ ಇರಲಿ. ಬೆಳಗ್ಗೆ ಪಾರ್ಕಿನಲ್ಲಿ ನಡೆಯುವ ಹಿರಿಯರು ಇದನ್ನು ಓದಿ ಹೂಂ ಅನ್ನಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಹಾಗಾಗಿ ಈಗ ಹೀಗಿದೆ: ‘ನೀವು ಎಷ್ಟು ಹೆಜ್ಜೆ ನಡೆದಿರಿ ಎಂದು ತೋರಿಸಲು ಈ ಆ್ಯಪ್ ನಿಮ್ಮ ಫೋನಿನಲ್ಲಿರುವ ಹೆಜ್ಜೆ ಲೆಕ್ಕ ನೋಡಬೇಕು.’

ಡಿಟೆಕ್ಟರ್‌ಗೆ ಪದ ಹೇಳುವವರು ದಯವಿಟ್ಟು ಅದನ್ನು ‘ಈ ಫೋನಿನಲ್ಲಿ … ಸೆನ್ಸರ್ ಇಲ್ಲ’ ಎಂಬ ವಾಕ್ಯದಲ್ಲಿ ಕೂರಿಸಿ ಕಳಿಸಿ. ಬಳಕೆದಾರರಿಗೆ ಆ ಪದ ಕಾಣುವುದು ಅಲ್ಲೊಂದೇ ಕಡೆ.