ಕೀಮೋ ಸುತ್ತಿನ ಮಧ್ಯೆ ಕ್ರಿಸ್ಮಸ್: ಅಮ್ಮನಿಗೆ ತೊಂದರೆಯಾಗದಂತೆ ಹಬ್ಬ ಮಾಡುವುದು ಹೇಗೆ?

ನಕ್ಷತ್ರದೀಪ (ಪ್ರಶ್ನೆ)

ಅಮ್ಮನಿಗೆ 66 ವರ್ಷ. ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಕೀಮೋ. ಮುಂದಿನ ಸುತ್ತು ಡಿಸೆಂಬರ್ 16ಕ್ಕೆ, ಅದರ ನಂತರದ್ದು ಜನವರಿ 6ಕ್ಕೆ. ಮೂಳೆ ನೋವಿಗೆ ಫೆಂಟನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪ್ರಬಲ ನೋವಿನ ಔಷಧಿ) ಇದೆ, 72 ಗಂಟೆಗೊಮ್ಮೆ ಬದಲಿಸುತ್ತೇವೆ. 24ರ ರಾತ್ರಿ ಚರ್ಚಿನ ಬಲಿಪೂಜೆಗೆ ಹೋಗಬೇಕು, 25ಕ್ಕೆ ಮಕ್ಕಳು ಮೊಮ್ಮಕ್ಕಳೆಲ್ಲ ಮನೆಯಲ್ಲಿರಬೇಕು ಅನ್ನುವುದು ಅವರ ಆಸೆ. ಸುಮಾರು ಇಪ್ಪತ್ತು ಜನ ಸೇರುತ್ತಾರೆ, ಅದರಲ್ಲಿ ಆರು ಚಿಕ್ಕ ಮಕ್ಕಳು. ಬೇಡ ಅನ್ನಲು ಮನಸ್ಸು ಬರುತ್ತಿಲ್ಲ, ಆಗಲಿ ಅನ್ನಲು ಧೈರ್ಯ ಸಾಲುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಮರುದಿನ (ಉತ್ತರ)

ಮೊದಲು ದಿನ ಎಣಿಸಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕೀಮೋ ಕೊಟ್ಟ ದಿನವನ್ನು ಒಂದು ಎಂದು ಹಿಡಿದರೆ, ಮೂರು ವಾರದ ಸುತ್ತುಗಳಲ್ಲಿ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣಗಳ ಕೌಂಟ್ ತಳ ಮುಟ್ಟುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಡಿಸೆಂಬರ್ 22ರಿಂದ 29. ಕ್ರಿಸ್ಮಸ್ ದಿನ ಸರಿಯಾಗಿ ಹತ್ತನೇ ದಿನ. ಅಂದರೆ ಮನೆಯಲ್ಲಿ ಅತಿ ಹೆಚ್ಚು ಜನ ಸೇರುವ ದಿನವೇ ಅಮ್ಮನವರ ದೇಹಕ್ಕೆ ಸೋಂಕು ತಡೆಯುವ ಶಕ್ತಿ ಅತಿ ಕಡಿಮೆ ಇರುವ ದಿನ. ಔಷಧಿಗೆ ತಕ್ಕಂತೆ ಈ ದಿನಗಳು ಆಚೀಚೆ ಆಗುತ್ತವೆ, ಹಾಗಾಗಿ "ಇವರಿಗೆ ಕೌಂಟ್ ಯಾವ ದಿನ ಕೆಳಗಿರುತ್ತದೆ?" ಎಂದು 16ರಂದೇ ಡಾಕ್ಟರನ್ನು ಕೇಳಿ. ಹಿಂದಿನ ಸುತ್ತುಗಳ ರಕ್ತ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಒಳ್ಳೆಯ ಸುದ್ದಿಯೂ ಇದೇ ಎಣಿಕೆಯಲ್ಲಿದೆ. ಸಾಮಾನ್ಯವಾಗಿ ಕೌಂಟ್ ಮೇಲೇರಿ, ಬಾಯಿರುಚಿ ಮರಳಿ, ಮೈ ಹಗುರಾಗುವುದು ಮೂರನೇ ವಾರದಲ್ಲಿ. ನಿಮಗೆ ಅದು ಜನವರಿ 1ರಿಂದ 5. ಕ್ರಿಸ್ಮಸ್ ಕಾಲದ ಹನ್ನೆರಡು ದಿನಗಳು ಮುಗಿಯುವುದೂ ಜನವರಿ 5ಕ್ಕೇ. ಆದ್ದರಿಂದ ಇಪ್ಪತ್ತು ಜನರ ಊಟವನ್ನು ಜನವರಿ 3 ಅಥವಾ 4ಕ್ಕೆ ಇಟ್ಟರೆ ಅದು ತಪ್ಪಿಹೋದ ಹಬ್ಬ ಅಲ್ಲ, ಹಬ್ಬದ ಒಳಗಿನ ದಿನವೇ. ಅಮ್ಮನವರಿಗೆ ಹೀಗೆಯೇ ಹೇಳಿ. "ಈ ಸಲ ಬೇಡ" ಅನ್ನುವುದಕ್ಕೂ "ನೀವು ಊಟ ಮಾಡಬಲ್ಲ ದಿನ ಎಲ್ಲರೂ ಬರುತ್ತಾರೆ" ಅನ್ನುವುದಕ್ಕೂ ಬಹಳ ಅಂತರವಿದೆ. ಇನ್ನೊಂದು ದಾರಿ ಡಿಸೆಂಬರ್ 14, 15ರಂದು, ಕೀಮೋಗೆ ಮೊದಲೇ ಸೇರುವುದು. 25ರಂದು ಮನೆಯವರಷ್ಟೇ ಇರಲಿ.

ಕೀಮೋವನ್ನೇ ಮುಂದೂಡಬಹುದೇ ಎಂದು ಕೆಲವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ತೀರ್ಮಾನ ಮಾತ್ರ ಡಾಕ್ಟರದ್ದು. ರೋಗ ಪೂರ್ತಿ ಗುಣವಾಗಲಿ ಎಂದು ಕೊಡುವ ಚಿಕಿತ್ಸೆಯಲ್ಲಿ ಸುತ್ತು ತಡವಾದರೆ ಫಲ ತಗ್ಗಬಹುದು. ನೋವು ಕಡಿಮೆಯಾಗಲಿ, ಆಯುಸ್ಸು ಹಿಗ್ಗಲಿ ಎಂದು ಕೊಡುವುದರಲ್ಲಿ ಕೆಲವು ದಿನ ಸರಿಸಲು ಅವರು ಒಪ್ಪುವುದುಂಟು.

ಇನ್ನು ಜ್ವರ. ಇದೊಂದನ್ನು ಮರೆಯಬೇಡಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಹಗಲಿರಲಿ ರಾತ್ರಿಯಿರಲಿ, ಹಬ್ಬವಿರಲಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಅಲ್ಲಿ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಶುರುವಾಗಬೇಕು, ಬಾಗಿಲಲ್ಲೇ "ಕೀಮೋ ಆಗಿ ಹತ್ತು ದಿನ, ಜ್ವರ ಬಂದಿದೆ" ಎಂದು ಹೇಳಿ. ಎಲ್ಲರೂ ಮಾಡುವ ತಪ್ಪು, ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡುವುದು. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಬೆಳೆಯುತ್ತಿರುತ್ತದೆ. ಡಾಕ್ಟರನ್ನು ಕೇಳದೆ ಕೊಡಬೇಡಿ. ಜ್ವರವಿಲ್ಲದೆ ಮೈ ನಡುಗಿದರೂ, ಮಾತು ಗೊಂದಲವಾದರೂ ಅಷ್ಟೇ ಗಂಭೀರ. ಕೌಂಟ್ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೂ ಈ ನಿಯಮ ಬದಲಾಗುವುದಿಲ್ಲ.

ಹಬ್ಬದ ವಾರ ಹೊರರೋಗಿ ವಿಭಾಗ ಮುಚ್ಚಿರಬಹುದು. ರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು, ಯಾವ ಬಾಗಿಲಿಗೆ ಹೋಗಬೇಕು ಅನ್ನುವುದನ್ನು ಈಗಲೇ ಬರೆದು ಗೋಡೆಗೆ ಅಂಟಿಸಿ.

ಅಡುಗೆಮನೆಕಿಟಕಿ

ಮನೆಯ ವಿಚಾರ ನಾನು ಸೇರಿಸುತ್ತೇನೆ.

ಗೋದಲಿ ಕಟ್ಟುವಾಗ ಒಣಹುಲ್ಲು, ಪಾಚಿ, ಮಣ್ಣು ಈ ವರ್ಷ ಬೇಡ. ಇವುಗಳಲ್ಲಿ ಬೂಷ್ಟಿನ ಬೀಜಕಣಗಳಿರುತ್ತವೆ. ನಮಗೆ ಏನೂ ಮಾಡದ ಆ ಬೂಷ್ಟು ಕೌಂಟ್ ಇಳಿದವರ ಶ್ವಾಸಕೋಶಕ್ಕೆ ಕೂತರೆ ಬಿಡಿಸುವುದು ಕಷ್ಟ. ಬಣ್ಣದ ಕಾಗದ, ಬಟ್ಟೆ, ಹತ್ತಿ ಸಾಕು. ಕಡಿದು ತಂದ ಮರ, ಹೂದಾನಿಯ ನೀರು ಇವಕ್ಕೂ ಇದೇ ಮಾತು. ಪ್ಲಾಸ್ಟಿಕ್ ಮರವಾದರೆ ಸುರಕ್ಷಿತ, ಆದರೆ ಅಟ್ಟದಿಂದ ಇಳಿಸಿದ್ದನ್ನು ಬೇರೆಯವರು ಹೊರಗೆ ಒಯ್ದು ಒದ್ದೆ ಬಟ್ಟೆಯಲ್ಲಿ ಒರೆಸಿ ತರಲಿ. ಅಮ್ಮನವರಿಗೆ ಕುರ್ಚಿಯಲ್ಲಿ ಕೂತು ತೊಳೆದೊರೆಸಿದ ಬೊಂಬೆಗಳನ್ನು ಜೋಡಿಸುವ ಕೆಲಸ ಬಿಡಿ. ಅದನ್ನು ಮಾತ್ರ ಅವರಿಂದ ಕಿತ್ತುಕೊಳ್ಳಬೇಡಿ.

ಸುವಾಸನೆಯ ಮೇಣದಬತ್ತಿ, ರೂಮ್ ಸ್ಪ್ರೇ ಬೇಡ. ವಾಕರಿಕೆಗೆ ವಾಸನೆಯಷ್ಟು ಬೇಗ ದಾರಿ ಮಾಡಿಕೊಡುವುದು ಬೇರೊಂದಿಲ್ಲ.

ಊಟದಲ್ಲಿ ನಿಜವಾದ ಅಪಾಯ ಮೇಜಿನ ಮೇಲೆ ಗಂಟೆಗಟ್ಟಲೆ ತೆರೆದಿಡುವುದು. ಒಲೆಯಿಂದ ಇಳಿಸಿದ ಕೂಡಲೇ ಅಮ್ಮನವರ ಪಾಲನ್ನು ಬೇರೆ ಚಮಚದಿಂದ ಮೊದಲು ತೆಗೆಯಿರಿ. ಎರಡು ಗಂಟೆ ಹೊರಗಿದ್ದದ್ದನ್ನು ಅವರಿಗೆ ಕೊಡಬೇಡಿ. ಫ್ರಿಜ್‌ನಲ್ಲಿಟ್ಟದ್ದನ್ನು ಒಳಗಿನವರೆಗೆ ಹಬೆಯಾಡುವಷ್ಟು (74 ಡಿಗ್ರಿ) ಬಿಸಿ ಮಾಡಿ, ಒಂದೇ ಸಲ. ಕೇಕ್ ಪರವಾಗಿಲ್ಲ, ಹಸಿ ಮೊಟ್ಟೆಯ ಬಿಳಿಭಾಗದಿಂದ ಮಾಡಿದ ಐಸಿಂಗ್, ಮೂಸ್ ಬೇಡ.

ಬಾಯಿ ಹುಣ್ಣಾಗುವುದೂ ಈ ದಿನಗಳಲ್ಲೇ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕರಿಂದ ಆರು ಸಲ ಮುಕ್ಕಳಿಸಬೇಕು. ಮರುದಿನಕ್ಕೆ ಹೊಸದಾಗಿ ಮಾಡಿ. ಲೋಹದ ರುಚಿ ಅನ್ನುತ್ತಿದ್ದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಇಲ್ಲವೇ ಮರದ್ದು ಕೊಡಿ.

ಮಾತ್ರೆಡಬ್ಬಿ

ಪ್ಯಾಚ್ ಬಗ್ಗೆ ಯಾರೂ ಹೇಳಿಲ್ಲ, ಮನೆಗೆ ಮಕ್ಕಳು ಬರುತ್ತಿರುವುದರಿಂದ ಇದು ಬಹಳ ಮುಖ್ಯ.

ತೆಗೆದ ಪ್ಯಾಚ್‌ನಲ್ಲಿ ಇನ್ನೂ ಔಷಧಿ ಉಳಿದಿರುತ್ತದೆ. ಮಗು ಅದನ್ನು ಸ್ಟಿಕ್ಕರ್ ಎಂದು ಮೈಗೆ ಅಂಟಿಸಿಕೊಂಡರೆ ಅಥವಾ ಬಾಯಿಗೆ ಹಾಕಿದರೆ ಪ್ರಾಣಕ್ಕೇ ಅಪಾಯ. ಅಂಟು ಒಳಗಾಗುವಂತೆ ಅರ್ಧಕ್ಕೆ ಮಡಚಿ, ಮುಚ್ಚಳವಿರುವ ಡಬ್ಬಿಗೆ ಹಾಕಿ ಕಪಾಟಿಗೆ ಬೀಗ ಹಾಕಿ. ಆಮೇಲೆ ಆಸ್ಪತ್ರೆಯವರು ಹೇಳಿದಂತೆ ವಿಲೇವಾರಿ. ಮೊಮ್ಮಕ್ಕಳನ್ನು ಅಪ್ಪಿಕೊಳ್ಳುವ ಮುನ್ನ ಪ್ಯಾಚ್ ಅಂಚು ಎದ್ದಿಲ್ಲವೇ ನೋಡಿ, ಮೇಲೆ ಬಟ್ಟೆ ಇರಲಿ.

ಬಿಸಿ ತಾಗಿದರೆ ಪ್ಯಾಚ್‌ನಿಂದ ಔಷಧಿ ಬೇಗ ಇಳಿಯುತ್ತದೆ. ಚಳಿಯೆಂದು ಹೀಟರ್ ಪಕ್ಕ ಕೂರಿಸುವುದು, ಬಿಸಿನೀರಿನ ಚೀಲ ಒತ್ತುವುದು, ಕರೆಂಟ್ ಕಂಬಳಿ ಹೊದಿಸುವುದು ಇವೆಲ್ಲ ಅಪಾಯ. ಜ್ವರ ಬಂದಾಗಲೂ ಹೀಗೇ ಆಗುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರು, ನಿಧಾನವಾದ ಉಸಿರು ಕಂಡರೆ ಪ್ಯಾಚ್ ತೆಗೆದು ತಕ್ಷಣ ಆಂಬುಲೆನ್ಸ್ ಕರೆಯಿರಿ. ತೆಗೆದ ಮೇಲೂ ಚರ್ಮದಲ್ಲಿ ಉಳಿದದ್ದು ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಬ್ಬವೆಂದು ವೈನ್ ಕೊಡಬೇಡಿ, ಎರಡೂ ಸೇರಿ ಉಸಿರನ್ನು ಕುಗ್ಗಿಸುತ್ತವೆ.

ಪ್ಯಾಚ್‌ನಿಂದಾಗುವ ಮಲಬದ್ಧತೆಯ ಔಷಧಿಯನ್ನು ದಿನವೂ ಕೊಡಿ, ಕಟ್ಟಿದ ಮೇಲಲ್ಲ. ಕೌಂಟ್ ಇಳಿದಿರುವಾಗ ಎನಿಮಾ, ಗುದದ್ವಾರದಲ್ಲಿಡುವ ಮಾತ್ರೆ ಕೂಡದು. ಸಣ್ಣ ಗಾಯವೂ ಸೋಂಕಿಗೆ ಬಾಗಿಲು.

18ರೊಳಗೆ ಔಷಧಿ ಎಣಿಸಿ. ಜನವರಿ 6ರವರೆಗೆ ಬೇಕಾದಷ್ಟು ಮತ್ತು ಮೇಲೆ ಎರಡು ಪ್ಯಾಚ್ ಇರಲಿ. ಇದಕ್ಕೆ ಪ್ರತ್ಯೇಕ ಚೀಟಿ ಬೇಕು, ರಜೆಯಲ್ಲಿ ಬರೆದುಕೊಡುವ ಡಾಕ್ಟರ್ ಸಿಗುವುದು ಕಷ್ಟ.

ನಕ್ಷತ್ರದೀಪ

ಜನವರಿ 4ರ ಮಾತು ಹೇಳಿದೆ, ಅಮ್ಮ ಒಪ್ಪಿದರು. ಬಲಿಪೂಜೆಗೆ ಮಾತ್ರ ಹಠ ಬಿಟ್ಟಿಲ್ಲ. 25ರ ಸಂಜೆ ಇಬ್ಬರು ಮೊಮ್ಮಕ್ಕಳಾದರೂ ಬರಲಿ ಅನ್ನುತ್ತಾರೆ.

ಮರುದಿನ

ಚರ್ಚಿನ ಗುರುಗಳಿಗೆ ಈಗಲೇ ತಿಳಿಸಿ. ಕಾಯಿಲೆಯವರಿಗೆ ಪರಮಪ್ರಸಾದವನ್ನು ಮನೆಗೇ ತಂದುಕೊಡುತ್ತಾರೆ, ಹಬ್ಬದ ವಾರದಲ್ಲಿ ಅವರಿಗೆ ಬಿಡುವು ಕಡಿಮೆ, ಅದಕ್ಕೇ ಬೇಗ ಹೇಳಬೇಕು. 24ರ ರಾತ್ರಿಯ ಪೂಜೆಯನ್ನು ನೇರಪ್ರಸಾರದಲ್ಲಿ ನೋಡಲಿ, ಪಕ್ಕದಲ್ಲಿ ಯಾರಾದರೂ ಕೂತು ಜೊತೆಗೆ ಉತ್ತರ ಹೇಳಲಿ. ಒಬ್ಬರೇ ಪರದೆ ನೋಡುವಂತಾದರೆ ಅದು ಬೇರೆಯೇ ನೋವು. ಡಾಕ್ಟರ್ ಹೋಗಬಹುದು ಎಂದರೆ ಜನ ಕಡಿಮೆ ಇರುವ ಹಗಲಿನ ಪೂಜೆ ಆರಿಸಿ, ಬಾಗಿಲ ಹತ್ತಿರ ಕೂರಿಸಿ, ಮಾಸ್ಕ್ ಹಾಕಿಸಿ. ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವ ದ್ರಾಕ್ಷಾರಸ ಬೇಡ, ರೊಟ್ಟಿಯ ರೂಪದ ಪ್ರಸಾದವೇ ಪೂರ್ಣ ಪ್ರಸಾದ.

ಮೊಮ್ಮಕ್ಕಳು ಬರಲಿ, ಅವರಿಗೂ ಜೊತೆಯವರಿಗೂ ನೆಗಡಿ, ಕೆಮ್ಮು, ಭೇದಿ ಯಾವುದೂ ಇಲ್ಲದಿದ್ದರೆ. ಬೆಳಿಗ್ಗೆ ಫೋನ್ ಮಾಡಿ ಕೇಳಿಯೇ ಹೊರಡಿಸಿ. ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆದು ಒಳಗೆ ಬರಲಿ, ಕಿಟಕಿ ತೆರೆದಿರಲಿ, ಕೆನ್ನೆಗೆ ಮುತ್ತು ಬೇಡ. ಮನೆಯವರೆಲ್ಲ ಈ ವಾರವೇ ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಿ, ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು.

ಹೊತ್ತು ಮುಕ್ಕಾಲು ಗಂಟೆ ಸಾಕು, ಅದಕ್ಕೆ ಮುಂಚೆ ಒಂದು ಗಂಟೆ ಮಲಗಿರಲಿ. ಸುಸ್ತಾದರೆ ಅಮ್ಮನವರು ನಿಮಗೆ ಮಾಡುವ ಸನ್ನೆಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಕನ್ನಡಕ ತೆಗೆದು ಮೇಜಿನ ಮೇಲಿಡುವುದು ಅಂತ. ಕಂಡ ಕೂಡಲೇ ನೀವೇ ಎದ್ದು ಮಕ್ಕಳನ್ನು ಹೊರಡಿಸಿ. ಕಳಿಸಿದ್ದು ತಾನು ಎಂಬ ಸಂಕಟ ಅವರಿಗೆ ಬರಬಾರದು.