ಮುಂದೋಳಿನ ಮಾದರಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, ಪರಿಹಾರವೇನು?

ವಿಜ್ಞಾನದ ಮೇಷ್ಟ್ರು: ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳೊಡನೆ ಮುಂದೋಳಿನ ಮಾದರಿ ಮಾಡುತ್ತಿದ್ದೇನೆ. ಕಿರುಬೆರಳ ಬದಿಯ ಅಲ್ನಾ, ಹೆಬ್ಬೆರಳ ಬದಿಯ ರೇಡಿಯಸ್ ಮೂಳೆಗಳಿಗೆ ಎರಡು ನೇರ ಪಿವಿಸಿ ಕೊಳವೆಗಳು. ಮೊಣಕೈ ಕಡೆ ಅಲ್ನಾಕ್ಕೆ ಬಿಗಿದ ಪರದೆಯ ಉಂಗುರದೊಳಗೆ ರೇಡಿಯಸ್ ಕೂರುತ್ತದೆ. ಮಣಿಕಟ್ಟಿನ ಕಡೆ ಎರಡಕ್ಕೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್. ನಡುವಿನ ಪೊರೆಗೆ ಕ್ಯಾನ್ವಾಸ್ ಬಟ್ಟೆ. ಅಂಗೈ ಕೆಳಗೆ ಮಾಡಿದರೆ ಕೊಳವೆಗಳು ಮಧ್ಯದಲ್ಲಿ ತಾಗಿ ನಿಲ್ಲುತ್ತವೆ. ಮೇಲೆ ಮಾಡಿದರೆ ಬಟ್ಟೆಯ ಅಂಟು ಕಿತ್ತು ಬರುತ್ತದೆ. ಮೂರು ಸಲ ಅಂಟಿಸಿದ್ದಾಯಿತು.

ಬಡಗಿಮನೆ: ಬಟ್ಟೆ ತೆಗೆದು ಎಲಾಸ್ಟಿಕ್ ಹಾಕಿ ಮೇಷ್ಟ್ರೇ, ಎತ್ತ ಬೇಕಾದರೂ ತಿರುಗುತ್ತದೆ.

ಮೂಳೆಮಾತು: ತಿರುಗುತ್ತದೆ, ಆದರೆ ಅದು ತೋಳಿನ ಮಾದರಿ ಆಗುವುದಿಲ್ಲ. ನಾನು ಫಿಸಿಯೋಥೆರಪಿಸ್ಟ್, ದಿನವೂ ಇದೇ ಕೆಲಸ. ಅಂಗೈಯಿಂದ ಗೋಡೆಯನ್ನು ತಳ್ಳಿದಾಗ ಭಾರದ ಹೆಚ್ಚಿನ ಪಾಲು, ಸುಮಾರು ಶೇ 80ರಷ್ಟು, ಮಣಿಕಟ್ಟಿನಲ್ಲಿ ರೇಡಿಯಸ್ ಮೇಲೆ ಬೀಳುತ್ತದೆ. ಪೊರೆಯ ನಡುವಿನ ದಪ್ಪ ಪಟ್ಟಿಯ ಎಳೆಗಳು ರೇಡಿಯಸ್‌ನಲ್ಲಿ ಮೇಲೆ ಹುಟ್ಟಿ, ಓರೆಯಾಗಿ ಇಳಿದು ಅಲ್ನಾಕ್ಕೆ ಸೇರುತ್ತವೆ. ರೇಡಿಯಸ್ ಮೊಣಕೈಯತ್ತ ಜರುಗಿದ ಕೂಡಲೇ ಅವು ಬಿಗಿದು ಭಾರದ ಒಂದಂಶವನ್ನು ಅಲ್ನಾಕ್ಕೆ ದಾಟಿಸುತ್ತವೆ. ಎಲಾಸ್ಟಿಕ್ ಹಾಕಿದರೆ ಅದು ಸುಮ್ಮನೆ ಹಿಗ್ಗುತ್ತದೆ, ಏನನ್ನೂ ದಾಟಿಸುವುದಿಲ್ಲ.

ಒಂದು ಪ್ರಶ್ನೆ: ಬಟ್ಟೆ ಅಂಟಿಸುವಾಗ ಅಂಗೈ ಎತ್ತ ಇತ್ತು?

ವಿಜ್ಞಾನದ ಮೇಷ್ಟ್ರು: ಕೆಳಗೆ. ಮೇಜಿನ ಮೇಲೆ ಹಾಗೆ ಮಲಗಿಸಿದರೆ ಅಲುಗಾಡುವುದಿಲ್ಲ ಎಂದು.

ಮೂಳೆಮಾತು: ಅಲ್ಲೇ ತಪ್ಪಿದ್ದು. ಆಗ ರೇಡಿಯಸ್ ಅಲ್ನಾವನ್ನು ಅಡ್ಡ ದಾಟಿರುತ್ತದೆ, ನಡುವಿನ ಅಂತರ ಕಿರಿದು. ಆ ಅಳತೆಗೆ ಕತ್ತರಿಸಿದ ಬಟ್ಟೆ, ಮೂಳೆಗಳು ಸಮಾನಾಂತರವಾದಾಗ ಸಾಲುವುದಿಲ್ಲ. ಬಟ್ಟೆಯನ್ನು ಬಿಟ್ಟುಬಿಡಿ. ಹೆಬ್ಬೆರಳು ಮೇಲಿರುವ ಸ್ಥಿತಿಯಲ್ಲಿ ಹಿಡಿದು, ಹಿಗ್ಗದ ಒಂದು ನಾಡಾ ಪಟ್ಟಿಯನ್ನು ಅಲ್ನಾದೊಡನೆ ಸುಮಾರು 20 ಡಿಗ್ರಿ ಕೋನದಲ್ಲಿ ಓರೆಯಾಗಿ ಕಟ್ಟಿ. ತಿರುಗುವ ಅಕ್ಷವು ಮೊಣಕೈ ಬಳಿಯ ರೇಡಿಯಸ್‌ನ ತಲೆಯಿಂದ ಮಣಿಕಟ್ಟಿನ ಬಳಿಯ ಅಲ್ನಾ ತುದಿಗೆ ಓರೆಯಾಗಿ ಹೋಗುತ್ತದೆ. ಪಟ್ಟಿಯ ಕೆಳತುದಿ ಆ ಅಕ್ಷಕ್ಕೆ ಹತ್ತಿರ ಇರುವುದರಿಂದ ಎತ್ತ ತಿರುಗಿಸಿದರೂ ಅದರ ಉದ್ದ ಹೆಚ್ಚೇನೂ ಬದಲಾಗುವುದಿಲ್ಲ.

ಕೊಳವೆಗಳು ತಾಗುವುದಕ್ಕೆ ಕಾರಣ ಬೇರೆ. ನಿಜವಾದ ರೇಡಿಯಸ್ ನೇರವಿಲ್ಲ, ಹೊರಕ್ಕೆ ಬಾಗಿದೆ. ಮುರಿದ ರೇಡಿಯಸ್ ಆ ಬಾಗು ಕಳೆದುಕೊಂಡು ಕೂಡಿಕೊಂಡರೆ ರೋಗಿಗೂ ನಿಮ್ಮ ಮಾದರಿಯ ಗತಿಯೇ.

ಬಡಗಿಮನೆ: ಎಲಾಸ್ಟಿಕ್ ಮಾತು ಹಿಂದಕ್ಕೆ ತೆಗೆದುಕೊಂಡೆ. ಬಾಗಿಸುವುದು ನನ್ನ ಕೆಲಸ: ಕೊಳವೆಗೆ ಒಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಹೊರಗೆ ಗಾಳಿಯಲ್ಲಿ ನಿಂತು ಬಿಸಿಗಾಳಿ ಹೊಡೆದು ನಿಧಾನಕ್ಕೆ ಬಾಗಿಸಿ. ಮರಳಿದ್ದರೆ ಕೊಳವೆ ಚಪ್ಪಟೆಯಾಗುವುದಿಲ್ಲ. ಮಕ್ಕಳ ಕೈಗೆ ಕೊಡಬೇಡಿ.

ವಿಜ್ಞಾನದ ಮೇಷ್ಟ್ರು: ಬಾಗಿಸಿದೆವು, ತಾಗುತ್ತಿಲ್ಲ. ಈಗ ಎರಡು ತೊಂದರೆ: ಕೈ ಹಿಡಿದೆಳೆದರೆ ರೇಡಿಯಸ್ ಉಂಗುರದಿಂದ ಜಾರುತ್ತದೆ. ಮಣಿಕಟ್ಟಿನ ತುದಿಯೂ ಆಚೀಚೆ ಹೊರಳುತ್ತದೆ.

ಮೂಳೆಮಾತು: ಮೊದಲನೆಯದು ಪುಟ್ಟ ಮಕ್ಕಳಲ್ಲಿ ನಿಜವಾಗಿಯೂ ಆಗುತ್ತದೆ. ಐದು ವರ್ಷದೊಳಗಿನವರನ್ನು ಒಂದೇ ಕೈ ಹಿಡಿದು ಜಗ್ಗಿದರೆ ರೇಡಿಯಸ್‌ನ ತಲೆ ಉಂಗುರದ ಅಸ್ಥಿರಜ್ಜುವಿನಿಂದ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಅರ್ಧ ಜಾರುತ್ತದೆ. ಆ ರಜ್ಜು ಪೂರ್ತಿ ಬಳೆಯಲ್ಲ, ಸುತ್ತಳತೆಯ ಐದರಲ್ಲಿ ನಾಲ್ಕು ಪಾಲು ಮಾತ್ರ. ಉಳಿದದ್ದು ಅಲ್ನಾದ ತಗ್ಗು. ರಜ್ಜು ಕೆಳಗೆ ಕಿರಿದಾಗಿ ರೇಡಿಯಸ್‌ನ ಕತ್ತನ್ನು ಹಿಡಿಯುತ್ತದೆ. ಪರದೆಯ ಉಂಗುರದ ಬದಲು ಕೆಳಗೆ ಬಿಗಿಯಾಗುವ ಚರ್ಮದ ಪಟ್ಟಿ ಹಾಕಿ, ರೇಡಿಯಸ್ ತುದಿಗೆ ಟೇಪ್ ಸುತ್ತಿ ತಲೆ ದಪ್ಪ ಮಾಡಿ.

ಮಣಿಕಟ್ಟಿನಲ್ಲಿ ರೇಡಿಯಸ್‌ನ ತಗ್ಗು ಅಲ್ನಾದ ತಲೆಗಿಂತ ಅಗಲವಾದ ಬಾಗು. ಸಣ್ಣ ಲೋಟವನ್ನು ದೊಡ್ಡ ತಟ್ಟೆಯಲ್ಲಿ ಇಟ್ಟಂತೆ, ಮೂಳೆಯ ಆಕಾರವೊಂದೇ ಸಾಲದು. ರಬ್ಬರ್ ಬ್ಯಾಂಡ್ ಬಿಚ್ಚಿ, ಅಲ್ಲಿನ ಅಸ್ಥಿರಜ್ಜುಗಳ ಬದಲಿಗೆ ರೇಡಿಯಸ್‌ನಿಂದ ಅಲ್ನಾಕ್ಕೆ ಅಂಗೈ ಬದಿಗೆ ಎರಡು, ಹಿಂಬದಿಗೆ ಎರಡು ದಾರ ಕಟ್ಟಿ. ಪ್ರತಿ ಬದಿಯಲ್ಲೂ ಒಂದು ಆಳದ್ದು, ಅಲ್ನಾ ತುದಿಯ ನಡುವಿನ ಗುಳಿಗೆ. ಇನ್ನೊಂದು ಮೇಲ್ಪದರದ್ದು, ಅಂಚಿನ ಮೊನೆಗೆ. ಅಂಗೈ ಕೆಳಗಾದಾಗ ಹಿಂಬದಿಯ ಮೇಲ್ಪದರವೂ ಅಂಗೈ ಬದಿಯ ಆಳದ್ದೂ ಬಿಗಿಯುತ್ತವೆ. ಮೇಲಾದಾಗ ಇದಕ್ಕೆ ತದ್ವಿರುದ್ಧ. ಯಾವ ಬದಿ ಬಿಗಿಯುತ್ತದೆ ಎಂದು ಮೊದಲು ಸಂಶೋಧಕರೇ ಎರಡು ಗುಂಪಾಗಿ ಜಗಳವಾಡಿದ್ದರು. ಎರಡು ಪದರಗಳನ್ನು ಬೇರೆ ಬೇರೆ ನೋಡಿದಾಗ ಇಬ್ಬರೂ ಸರಿಯೆನಿಸಿತು.

ವಿಜ್ಞಾನದ ಮೇಷ್ಟ್ರು: ಕೋನಮಾಪಕ ಹಿಡಿದು ನೋಡಿದೆವು, 140 ಡಿಗ್ರಿ ತಿರುಗುತ್ತಿದೆ. ಅಂಗೈ ಮೇಲಾದಾಗ ಹಿಂಬದಿಯ ಆಳದ ದಾರ ಮಾತ್ರ ಇನ್ನೂ ಜೋತಾಡುತ್ತಿದೆ. ನಾಳೆ ಬಿಚ್ಚಿ ಮತ್ತೆ ಕಟ್ಟುತ್ತೇವೆ.